ಬಾಗಿಲು ತೆರೆಯದ ಲಿಫ್ಟ್

ಮಾರ್ಚ್ 3, ಮಂಗಳವಾರ. ಊಟದ ಬಿಡುವು

ಜಾಹೀರಾತು ನಾಲ್ಕನೇ ಸಲ ಹಾಕಿದ್ದೂ ಆಯಿತು. ಒಬ್ಬರೂ ಬಂದಿಲ್ಲ. ಎರಡು ಲೈಕ್ ಬಿದ್ದಿದೆ. ಅದರಲ್ಲಿ ಒಂದು ನನ್ನದೇ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತಿದ್ದೇನೆ. ಲೆನ್ಸ್ ಉಜ್ಜುವ ಮೆಷಿನ್ ಆಫ್ ಮಾಡಿದರೂ ಕಿವಿಯಲ್ಲಿ ಗುಂಯ್ ಅನ್ನುತ್ತದೆ. ಸಂಜೆಗೆ ಕೊಡಬೇಕಾದ ಕನ್ನಡಕಗಳು ಟ್ರೇಯಲ್ಲಿ ಕಣ್ಣಿಲ್ಲದೆ ಕಾಯುತ್ತಿವೆ. ಇರಲಿ. ಜಾಹೀರಾತನ್ನು ಇಲ್ಲಿ ಬರೆದಿಟ್ಟು ನೋಡುತ್ತೇನೆ, ಎಲ್ಲಿ ತಪ್ಪಿದೆ ಎಂದು.

"ಮೇಲಕ್ಕೆ — ಆನ್‌ಲೈನ್‌ನಲ್ಲಿ ಬರೆದು ಆಡುವ ರೋಲ್‌ಪ್ಲೇ. ಊರಷ್ಟು ದೊಡ್ಡ ಒಂದು ಲಿಫ್ಟ್. ಯಾವಾಗಿನಿಂದಲೋ ಮೇಲಕ್ಕೆ ಹೋಗುತ್ತಲೇ ಇದೆ. ಒಳಗೆ ಮನೆ, ಅಂಗಡಿ, ಶಾಲೆ. ನೀವೂ ಒಳಗಿನ ಒಬ್ಬರಾಗಿ, ಒಂದು ಪಾತ್ರ ಹಿಡಿದು ಬರೆಯಿರಿ. ನಿಯಮಗಳು: ಲಿಫ್ಟ್ ನಿಲ್ಲುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಇನ್ನೊಬ್ಬರ ಪಾತ್ರದ ಕೈ-ಬಾಯಿ ನೀವು ಆಡಿಸುವಂತಿಲ್ಲ. ಆಟದ ಹೊರಗಿನ ಮಾತೇನಿದ್ದರೂ ಜೋಡಿ ಕಂಸದೊಳಗೆ."

ಚೆನ್ನಾಗಿಯೇ ಇದೆಯಲ್ಲ? ನನಗೇನೋ ಚೆನ್ನಾಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಸೈಟಿನವರ ನೋಟಿಸ್ ಮತ್ತೆ ಓದಿದೆ. ತಿಂಗಳಲ್ಲಿ ಐದು ಜನವಾದರೂ ಬರೆಯದ ರೂಮುಗಳನ್ನು 31ರ ಮಧ್ಯಾಹ್ನ ಅಳಿಸುತ್ತಾರಂತೆ. ನಾವು ಇರುವುದು ಮೂರು ಜನ. ಎಣ್ಣೆಯವಳು, ಎಂದರೆ ಹಗ್ಗಗಳಿಗೆ ಎಣ್ಣೆ ಹಾಕುವ ನಾನು. ಮುಖ ನೋಡದ ಒಬ್ಬ ಅಡುಗೆಯವ. ಮತ್ತೆ ಗಂಟೆಯಮ್ಮ. ಲಿಫ್ಟಿನ ಹಿಡಿಕೆ ಅವಳ ಕೈಯಲ್ಲಿ. ಮಹಡಿ ದಾಟಿದಾಗ ಗಂಟೆ ಬಾರಿಸಿ, ಬಾಗಿಲ ಸರಳಿನಾಚೆ ಏನು ಕಾಣುತ್ತಿದೆ ಎಂದು ಹೇಳುವವಳು.

ಗಂಟೆಯಮ್ಮ ಅಂದರೆ ಅಕ್ಕ. ನನ್ನ ಸ್ವಂತ ಅಕ್ಕ.

ಮಾರ್ಚ್ 5, ಗುರುವಾರ

ಮೂವರು ವಿಚಾರಿಸಿದರು! ಒಬ್ಬ: "ಜಾಂಬಿ ಇದ್ಯಾ?" ಇಲ್ಲ ಅಂದೆ. ಹೋದ. ಇನ್ನೊಬ್ಬ: "ಬಾಗಿಲು ಯಾವಾಗ ತೆಗೀತೀರಾ?" ತೆಗೆಯುವುದಿಲ್ಲ ಅಂದೆ. ಅವನೂ ಹೋದ. ಮೂರನೆಯವಳು ನಗುವ ಮುಖವೊಂದನ್ನು ಕಳಿಸಿ ಮಾಯ.

ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಹುಡುಗಿಗೆ ಹೇಳಿದೆ. ನಾಚಿಕೆ ಬಿಟ್ಟು. ಅವಳು ಅಕ್ಷರದ ಬೋರ್ಡ್ ಒರೆಸುತ್ತಾ ಕೇಳಿಸಿಕೊಂಡಳು.

"ಅಲ್ಲ ಮೇಡಂ, ಲಿಫ್ಟ್ ನಿಲ್ಲಲ್ಲ, ಬಾಗಿಲು ತೆಗಿಯಲ್ಲ, ಹೊಡೆದಾಟ ಇಲ್ಲ, ಪ್ರೀತಿ ಇಲ್ಲ. ಮತ್ತೆ ಜನ ಏನ್ ಮಾಡ್ತಾರೆ ಅದ್ರೊಳಗೆ?"

"ಬದುಕ್ತಾರೆ ಕಣೇ."

"ಅದನ್ನ ಇಲ್ಲೇ ಮಾಡ್ತಿದೀನಲ್ಲ," ಅಂದಳು. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿತೇನೋ. "ಆಯ್ತು, ಬರ್ತೀನಿ. ನಾನು ಯಾರಾಗ್ಲಿ?"

ನಾಲ್ಕು.

ಮಾರ್ಚ್ 8, ಭಾನುವಾರ. ಸಂಜೆ

ಭಾನುವಾರ ಹತ್ತಕ್ಕೆ ಅಕ್ಕನ ಫೋನ್. ನನಗಲ್ಲ, ಅಮ್ಮನಿಗೆ. ನಾನು ಎಂದಿನಂತೆ ಒಳಗಿನ ಕೋಣೆಗೆ ಹೋಗಿ ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮಡಿಸಿದೆ. ಅಮ್ಮನಿಗೆ ಕಿವಿ ಮಂದ. ಸ್ಪೀಕರ್ ಹಾಕಿಯೇ ಮಾತು. ಅಕ್ಕನ ದನಿ ಗೋಡೆಯಾಚೆ ಕೇಳುತ್ತದೆ, ಶಬ್ದ ಬಿಡಿಸಲಾಗದು.

ಫೋನ್ ಇಟ್ಟ ಮೇಲೆ ಅಮ್ಮ ಕೂಗಿದಳು: "ಅವಳು ನೀನ್ ಹೇಗಿದೀಯ ಅಂತ ಕೇಳ್ಲಿಲ್ಲ. ನೀನೂ ಕೇಳಲ್ಲ. ಇಬ್ಬರೂ ಕೇಳ್ದೇ ಇರೋದನ್ನ ನಾನೇ ಒಬ್ಬರಿಂದೊಬ್ಬರಿಗೆ ಹೇಳ್ಬೇಕು. ಸಂಬಳ ಇಲ್ದಿರೋ ಪೋಸ್ಟ್‌ಮ್ಯಾನ್ ನಾನು."

ಮಾತು ಬಿಟ್ಟು ಎರಡು ವರ್ಷ. ಅಮ್ಮ ಆಗ ಅಕ್ಕನ ಮನೆಯಲ್ಲಿದ್ದಳು. ಅಕ್ಕ ಕೆಲಸದ ಮೇಲೆ ಹೊರಗೆ ಹೋಗಿದ್ದಾಗ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ನಾನು ಓಡಿಹೋಗಿ, ಬಟ್ಟೆ ತುಂಬಿ, "ಅಕ್ಕನೂ ಒಪ್ಪಿದಾಳೆ" ಎಂದು ಅಮ್ಮನಿಗೆ ಹೇಳಿ ಇಲ್ಲಿಗೆ ಕರೆತಂದೆ. ಅಕ್ಕ ಬಂದು ಖಾಲಿ ಮಂಚ ನೋಡಿ ಫೋನ್ ಮಾಡಿದಳು. "ನಾನು ಯಾವಾಗ ಒಪ್ಪಿದೆ? ನನ್ನ ಬಾಯಲ್ಲಿ ಮಾತು ಇಡೋಕೆ ನೀನ್ಯಾರು?" ಅದೇ ಕೊನೆ. ನನ್ನದು ತಪ್ಪು ಎಂದು ಇವತ್ತಿಗೂ ಅನಿಸುವುದಿಲ್ಲ. ಬಿದ್ದವಳನ್ನು ಎತ್ತಬೇಕಿತ್ತು, ಎತ್ತಿದೆ.

ಆದರೆ ಅದಕ್ಕೂ ಮೊದಲೇ ಇಬ್ಬರೂ ಸೇರಿ ಶುರುಮಾಡಿದ ಈ ರೂಮನ್ನು ಅಕ್ಕ ಬಿಟ್ಟಿಲ್ಲ. ಭಾನುವಾರ ಸಂಜೆ ಐದಕ್ಕೆ, ತಪ್ಪದೆ, ಲಿಫ್ಟಿನಲ್ಲಿ ಗಂಟೆ ಬಾರಿಸುತ್ತದೆ. ಇವತ್ತು:

"ಟಣ್. ಸರಳಿನಾಚೆ ಒಂದು ಶಾಲೆ. ಮಕ್ಕಳಿಲ್ಲ. ಬೆಂಚುಗಳೇ ಪಾಠ ಕೇಳುತ್ತಿವೆ. ಎಣ್ಣೆಯವಳೇ, ಎಡಗಡೆ ಹಗ್ಗ ಕಿರುಗುಡುತ್ತಿದೆ. ಶೀತ ಆಗಿದೆಯೇನೋ ಅದಕ್ಕೆ."

ಶೀತ ನನಗಾಗಿದೆ. ಅಮ್ಮ ಹೇಳಿರಬೇಕು.

"ಬಿಸಿ ಎಣ್ಣೆ ಹಾಕಿದ್ದೇನೆ ಗಂಟೆಯಮ್ಮ. ಈಗ ವಾಸಿ," ಎಂದು ಬರೆದೆ. ಬರೆದು ಮೂಗು ಒರೆಸಿಕೊಂಡೆ. ಬರೀ ಶೀತಕ್ಕಲ್ಲ.

ಈ ಲಿಫ್ಟ್ ಅವಳದೇ. ನನಗೆ ಆರು, ಅವಳಿಗೆ ಹತ್ತು. ಅತ್ತೆ ಇದ್ದ ಕಟ್ಟಡದಲ್ಲಿ ಕರೆಂಟ್ ಹೋಗಿ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತು. ಕಗ್ಗತ್ತಲು. ನಾನು ಅಳತೊಡಗಿದೆ. "ನಿಂತಿಲ್ವೇ ಪೆದ್ದಿ, ಮೇಲಕ್ಕೆ ಹೋಗ್ತಾನೇ ಇದೆ, ನಿನಗೆ ಗೊತ್ತಾಗ್ತಿಲ್ಲ ಅಷ್ಟೇ," ಎಂದಳು. ಬಾಯಲ್ಲೇ ಟಣ್ ಅನ್ನುತ್ತಾ ಒಂದೊಂದೇ ಮಹಡಿ ತೋರಿಸಿದಳು. ಕಾವಲುಗಾರ ಬಾಗಿಲು ಮೀಟಿ ತೆಗೆದಾಗ, ಇನ್ನೊಂದೇ ಮಹಡಿ ಎಂದು ನಾನು ಹಟ ಮಾಡಿದೆನಂತೆ.

ಕಣ್ಣು ಪರೀಕ್ಷಿಸುವ ಹುಡುಗಿ ಹೇಳುತ್ತಾಳೆ, ಅಳಿಸಿದರೆ ಅಳಿಸಲಿ, ಹೊಸ ರೂಮು ಮಾಡಿ ಎಂದು. ಮಾಡಬಹುದು. ಆದರೆ ಅದಕ್ಕೆ ಅಕ್ಕನನ್ನು ಕರೆಯಬೇಕು. ಕರೆಯಬೇಕಾದರೆ ಮಾತಾಡಬೇಕು.

ಮಾರ್ಚ್ 11, ಬುಧವಾರ

ಹುಡುಗಿಯ ಮೊದಲ ಪೋಸ್ಟ್: "ಹಾಯ್, ನಾನು ಲಿಫ್ಟಿನ ಹಲ್ಲಿನ ಡಾಕ್ಟರ್. ಎಲ್ಲರೂ ಬಾಯಿ ತೆಗೆಯಿರಿ, ಬಾಗಿಲಂತೂ ತೆಗೆಯಲ್ಲ." ಅಡುಗೆಯವ ಕೂಡಲೇ ತನ್ನ ದವಡೆ ಹಲ್ಲು ತೋರಿಸಲು ಬಂದ. ನಕ್ಕೆ.

ಆಮೇಲೆ ನಗು ಇಳಿಯಿತು. ಒಬ್ಬರು, ಇನ್ನು ಒಬ್ಬರೇ ಒಬ್ಬರು ಬೇಕು. ಐದು ನಿಮಿಷಕ್ಕೊಮ್ಮೆ ಫೋನ್ ನೋಡುತ್ತೇನೆ. ಇವತ್ತು ಒಬ್ಬ ಮೇಷ್ಟರ ಕನ್ನಡಕದಲ್ಲಿ ಎಡದ ಲೆನ್ಸನ್ನು ಬಲಕ್ಕೆ ಕೂರಿಸಿದೆ. ಅವರು ಹಾಕಿಕೊಂಡು, "ನೆಲ ಓರೆಯಾಗಿದೆಯಲ್ಲಮ್ಮ" ಅಂದರು. ಮಾಲೀಕರು ಗಂಟುಮೋರೆ ಹಾಕಿದರು.

ಮಾರ್ಚ್ 17, ಮಂಗಳವಾರ

ಮಾಡಿಬಿಟ್ಟೆ. ಜಾಹೀರಾತು ಬದಲಿಸಿದೆ. ಒಂದೇ ಸಾಲು: "ಯಾವತ್ತೂ ತೆರೆಯದ ಬಾಗಿಲು ಈ ತಿಂಗಳು ತೆರೆಯಲಿದೆ. ಆಚೆ ಏನಿದೆ?"

ಊಟದ ಹೊತ್ತಿಗೆ ಆರು ಜನ. ಸಂಜೆಗೆ ಹನ್ನೊಂದು! ಒಬ್ಬ ಸಿಪಾಯಿ, ಒಬ್ಬ ಮಾಂತ್ರಿಕ, ಇಬ್ಬರು ರಾಜಕುಮಾರಿಯರು. ಒಬ್ಬ ಡ್ರ್ಯಾಗನ್ ಸಮೇತ ಬಂದಿದ್ದಾನೆ. ಲಿಫ್ಟಿನಲ್ಲಿ ಡ್ರ್ಯಾಗನ್ ಹಿಡಿಸುವುದಿಲ್ಲಪ್ಪ ಅಂದೆ. "ಮರಿ ಡ್ರ್ಯಾಗನ್ನು ಆಂಟಿ, ಅಡ್ಜಸ್ಟ್ ಮಾಡ್ಕೊಳ್ಳಿ."

ಅಡ್ಜಸ್ಟ್ ಮಾಡಿಕೊಂಡೆ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು.

ಅಕ್ಕನಿಗೆ ಹೇಳಿಲ್ಲ. ಭಾನುವಾರಕ್ಕೆ ಹೇಗಾದರೂ... ಬಾಗಿಲು ತೆರೆಯಲಿದೆ ಅಂದೆನೇ ಹೊರತು ತೆರೆಯುತ್ತದೆ ಎಂದೇನೂ ಮಾತು ಕೊಟ್ಟಿಲ್ಲ. 31ರವರೆಗೆ ತಳ್ಳಿದರೆ ಸಾಕು.

ಮಾರ್ಚ್ 20, ಶುಕ್ರವಾರ

"ಯಾವಾಗ?" "ಇವತ್ತಾ?" "ಆಂಟಿ, ಮೋಸ ತಾನೇ ಇದು?" ರಾಜಕುಮಾರಿಯರು ಒಂದಕ್ಷರ ಬರೆಯದೆ ಹೋದರು. ಬಂದವರಲ್ಲಿ ಒಬ್ಬರೂ ಪಾತ್ರವಾಗಿ ಇನ್ನೂ ಒಂದು ಸಾಲೂ ಬರೆದಿಲ್ಲ, ಎಲ್ಲರದೂ ಬಾಗಿಲ ಮುಂದೆ ಕಂಸ ಹಾಕಿಕೊಂಡು ಗಲಾಟೆ. ಆಟದೊಳಗೆ ಬರೆದರೆ ಮಾತ್ರ ಲೆಕ್ಕ. ಸಿಪಾಯಿ ಹೇಳಿದ: ನಾಳೆ ಸಂಜೆಯೊಳಗೆ ಬಾಗಿಲು ತೆರೆಯದಿದ್ದರೆ ಎಲ್ಲರನ್ನೂ ಕರೆದುಕೊಂಡು ಬೇರೆ ರೂಮಿಗೆ ಹೋಗುತ್ತೇನೆ.

ಹಿಡಿಕೆ ಇರುವುದು ಗಂಟೆಯಮ್ಮನ ಕೈಯಲ್ಲಿ. ಅವಳು ಬರುವುದು ಭಾನುವಾರ. ಬಂದರೂ ತೆರೆಯುವವಳಲ್ಲ.

ಇರಲಾರದೆ ಇರುವೆ ಬಿಟ್ಟುಕೊಂಡೆ.

ಮಾರ್ಚ್ 21, ಶನಿವಾರ. ಸಂಜೆ 4

ಬರೆದೆ.

"ಗಂಟೆಯಮ್ಮ ಕೊನೆಗೂ ಹಿಡಿಕೆಗೆ ಕೈ ಹಾಕಿದಳು. 'ಆಗಲಿ, ತೆರೆಯೋಣ,' ಎಂದು ನಕ್ಕಳು. ಬಾಗಿಲು ಸರಿಯಿತು."

ಮೂರೇ ಸಾಲು. ಎಲ್ಲರೂ ನುಗ್ಗಿದರು. ಆಚೆ ಕಾಡಂತೆ, ಕೋಟೆಯಂತೆ, ಡ್ರ್ಯಾಗನ್ನಿನ ತಾಯಿಯಂತೆ. ಸಾಲು ಸಾಲು ಪೋಸ್ಟ್. ರೂಮು ಉಳಿಯಿತು. ಉಳಿಯಿತಲ್ಲ? ಖುಷಿಯಾಗಬೇಕು. ಅಡುಗೆಯವ ಏನೂ ಬರೆಯಲಿಲ್ಲ.

ಮಾರ್ಚ್ 22, ಭಾನುವಾರ

ಹತ್ತಕ್ಕೆ ಫೋನ್ ಬಂತು. ಚಿಕ್ಕದು. ಅಮ್ಮ ಒಳಗೆ ಬಂದು ನನ್ನನ್ನೇ ನೋಡಿದಳು.

"ಏನ್ ಮಾಡ್ದೆ ನೀನು?"

"ಏನೂ ಇಲ್ಲಮ್ಮ."

"ಏನೂ ಇಲ್ದೆ ಅವಳು ಹಂಗೆ ಸುಮ್ಮನಾಗಲ್ಲ. ಚಿಕ್ಕೋಳಿದ್ದಾಗ್ಲೂ ಅಷ್ಟೇ, ನೀನು ಅವಳ ಗೊಂಬೆ ಮುಟ್ಟಿದ್ರೆ ಅಳ್ತಿರ್ಲಿಲ್ಲ, ಮಾತು ಬಿಡ್ತಿದ್ಲು."

ಐದು ಗಂಟೆ. ಐದೂವರೆ. ಏಳು. ಗಂಟೆ ಬಾರಿಸಲಿಲ್ಲ.

ಮಾರ್ಚ್ 23, ಸೋಮವಾರ

ಇಲ್ಲ.

ಮಾರ್ಚ್ 26, ಗುರುವಾರ. ಮಧ್ಯಾಹ್ನ

ಬರೆದಿದ್ದಾಳೆ. ರೂಮು ಶುರುವಾದಾಗಿನಿಂದ ಅಕ್ಕ ಒಮ್ಮೆಯೂ ಕಂಸ ಬಳಸಿದವಳಲ್ಲ. ಇವತ್ತು, ಡ್ರ್ಯಾಗನ್ನು ಸಿಪಾಯಿಗಳ ಗದ್ದಲದ ನಡುವೆ, ಒಂದೇ ಸಾಲು:

((ನಾನು ಯಾವಾಗ ಒಪ್ಪಿದೆ?))

ಮೆಷಿನ್ ಮುಂದೆ ನಿಂತೇ ಓದಿದೆ. ಅದೇ ಮಾತು. ಎರಡು ವರ್ಷದ ಹಿಂದಿನ ಅದೇ ಮಾತು. ಮೆಷಿನ್ ಆಫ್ ಮಾಡಿ ಸ್ಟೂಲಿನ ಮೇಲೆ ಕೂತೆ. ಬಿದ್ದವಳನ್ನು ಎತ್ತಿದ್ದಕ್ಕೆ ಅವಳಿಗೆ ಸಿಟ್ಟು ಎಂದುಕೊಂಡಿದ್ದೆ, ಇಷ್ಟು ದಿನ. ಎತ್ತಿದ್ದಕ್ಕಲ್ಲ.

ಹುಡುಗಿ ಬಂದು, "ಮೇಡಂ, ಕಣ್ಣಲ್ಲಿ ಪುಡಿ ಬಿತ್ತಾ? ತೊಳ್ಕೊಳ್ಳಿ," ಅಂದಳು. ತೊಳೆದುಕೊಂಡೆ.

ಅದೇ ದಿನ, ಸಂಜೆ

ಇದನ್ನು ಹಾಕಿದೆ:

"ಗಂಟೆಯಮ್ಮನ ಕೈ ಹಿಡಿಕೆಯ ಮೇಲೆ ಇರಲಿಲ್ಲ. ಅವಳು ಏನೂ ಹೇಳಲೂ ಇಲ್ಲ. ಅವಳಿಲ್ಲದ ಹೊತ್ತಿನಲ್ಲಿ ಹಿಡಿಕೆ ಎಳೆದದ್ದು ಎಣ್ಣೆಯವಳು. ಅವಳ ಹೆಸರಿನಲ್ಲಿ ಮಾತಾಡಿದ್ದೂ ಎಣ್ಣೆಯವಳೇ. ಹೆದರಿಕೆಯಿಂದ. ಬಾಗಿಲು ಮುಚ್ಚಿದೆ."

ಆಮೇಲೆ, ರೂಮು ನಡೆಸುವವಳು ನಾನೇ ಆದ್ದರಿಂದ, ಇದನ್ನೂ ಅಕ್ಕನ ಸಾಲನ್ನೂ ಬಿಟ್ಟು 21ರಿಂದ ಇಲ್ಲಿಯವರೆಗಿನ ಎಲ್ಲ ಪೋಸ್ಟ್ ಅಳಿಸಿದೆ. ಕಾಡು, ಕೋಟೆ, ಡ್ರ್ಯಾಗನ್ನಿನ ತಾಯಿ, ಎಲ್ಲ. ಅವರು ಬರೆದದ್ದೆಲ್ಲ ಲೆಕ್ಕದಿಂದಲೂ ಹೋಯಿತು. ಬಯ್ದರು. ಬಯ್ಯುವುದು ನ್ಯಾಯವೇ. "ಇದೆಂಥಾ ಲಿಫ್ಟು, ಹೆಣ ಸಾಗಿಸೋಕಾ?" ಅಂದ ಸಿಪಾಯಿ. ಅರ್ಧ ಗಂಟೆಯಲ್ಲಿ ರೂಮು ಖಾಲಿ.

ಕೊನೆಗೆ ಅಡುಗೆಯವ ಬರೆದ: "ಬಾಗಿಲು ಹಾಕಿದ್ದು ಒಳ್ಳೇದಾಯ್ತು ಎಣ್ಣೆಯವ್ವ. ಗಾಳಿಗೆ ಒಲೆ ಆರೋಗ್ತಿತ್ತು."

ಮತ್ತೆ ನಾಲ್ಕೇ ಜನ.

ಮಾರ್ಚ್ 29, ಭಾನುವಾರ

ಬೆಳಿಗ್ಗೆ ಅಮ್ಮನಿಗೂ ಫೋನ್ ಬರಲಿಲ್ಲ. ಅಮ್ಮ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಊಟದವರೆಗೆ ಕೂತಿದ್ದಳು.

ಐದಕ್ಕೂ ಗಂಟೆ ಇಲ್ಲ.

ಮಾರ್ಚ್ 31, ಮಂಗಳವಾರ. ಬೆಳಿಗ್ಗೆ 11

ಅಂಗಡಿಗೆ ರಜೆ ಹೇಳಿದೆ, ಕಣ್ಣುನೋವು ಎಂದು. ಕನ್ನಡಕದಂಗಡಿಗೆ ಕಣ್ಣುನೋವಿನ ನೆಪ. ಮಾಲೀಕರು ನಂಬಲಿಲ್ಲ, ಬಯ್ಯಲೂ ಇಲ್ಲ. ಹುಡುಗಿ ಮೆಸೇಜ್ ಮಾಡಿದ್ದಾಳೆ: "ಮೇಡಂ, ಹಲ್ಲಿನ ಡಾಕ್ಟರ್‌ಗೆ ತಂಗಿ ಇದ್ದಾಳೆ ಅಂತ ಇನ್ನೊಂದು ಅಕೌಂಟ್ ಮಾಡ್ಲಾ? ಐದಾಗುತ್ತೆ." ಬೇಡ ಅಂದೆ. ಇಲ್ಲದವಳ ಬಾಯಿ ಇನ್ನು ಆಡಿಸುವುದಿಲ್ಲ.

ಅಡುಗೆಯವ ಎಲ್ಲರಿಗೂ ಕೊನೆಯ ಊಟ ಬಡಿಸಿ ಪಾತ್ರೆ ತೊಳೆದಿಟ್ಟ.

11.40

ಟಣ್.

ಬಂತು! ಹೇಗಿದೆಯೋ ಹಾಗೆ ಇಲ್ಲಿ ಬರೆದುಕೊಳ್ಳುತ್ತೇನೆ, ಅಳಿಸುವ ಮೊದಲು:

"ಟಣ್. ಈ ಮಹಡಿಗೆ ಸಂಖ್ಯೆ ಇಲ್ಲ. ಸರಳಿನಾಚೆ ಇನ್ನೊಂದು ಲಿಫ್ಟ್, ಸಣ್ಣದು, ನಡುವೆ ನಿಂತಿದೆ. ಒಳಗೆ ಕತ್ತಲೆ. ಇಬ್ಬರು ಹುಡುಗಿಯರು. ಚಿಕ್ಕವಳು ಅಳುತ್ತಿದ್ದಾಳೆ. ದೊಡ್ಡವಳಿಗೂ ಹೆದರಿಕೆ, ಯಾರೂ ಅವಳನ್ನು ಕೇಳಲಿಲ್ಲ. ಹಿಡಿಕೆ ಎಳೆಯುತ್ತಿದ್ದೇನೆ. ನಾನೇ, ನನ್ನ ಕೈಯಾರೆ. ಲಿಫ್ಟ್ ನಿಲ್ಲುತ್ತದೆ. ಇಳಿಯುವವರು ಇಳಿಯಿರಿ."

ಅವಳಿಗೂ ಹೆದರಿಕೆಯಾಗಿತ್ತು. ನನಗೆ ಗೊತ್ತೇ ಇರಲಿಲ್ಲ.

ಏನು ಉತ್ತರ ಬರೆಯಲಿ? ನಾಲ್ಕು ಸಲ ಬರೆದು ಅಳಿಸಿದೆ. "ಇಳಿಯುತ್ತಿದ್ದೇನೆ ಗಂಟೆಯಮ್ಮ" ಎಂದು ಹಾಕಿದೆ. ಆಮೇಲೆ ಇನ್ನೊಂದು: ((ನಿನಗೂ ಹೆದರಿಕೆ ಆಗಿತ್ತಾ ಅಕ್ಕಾ?))

12.05

ಪುಟ ಬಿಳಿ. "ಈ ರೂಮು ಈಗ ಇಲ್ಲ." ಅವಳು ಓದಿದಳೋ ಇಲ್ಲವೋ. ಕೇಳಬೇಕಾದರೆ ಇನ್ನು ಮಾತೇ ಆಡಬೇಕು. ಹತ್ತು ಸಲ ಪುಟ ತೆರೆದೆ. ಬಿಳಿ, ಬಿಳಿ. ನಡುಮನೆಯಲ್ಲಿ ಅಮ್ಮನ ಫೋನ್ ಹೊಡೆದುಕೊಳ್ಳುತ್ತಿದೆ. ಅವಳಿಗೆ ಕೇಳಿಸುವುದಿಲ್ಲ, ಎದ್ದು ಹೋಗಿ ಹೇಳಬೇಕು. ಇಲ್ಲ, ಎತ್ತಿದಳು. ಹಲೋ ಹಲೋ ಅನ್ನುತ್ತಿದ್ದಾಳೆ.

ಅಮ್ಮ ಬಾಗಿಲಲ್ಲಿ ನಿಂತಿದ್ದಾಳೆ, ಫೋನ್ ನನ್ನ ಕಡೆ ಚಾಚಿಕೊಂಡು. "ತಗೋ, ನನಗಲ್ವಂತೆ," ಅನ್ನುತ್ತಾಳೆ. ಇವತ್ತು ಭಾನುವಾರವೂ ಅಲ್ಲ. ಒಂದು ನಿಮಿಷ ಅಮ್ಮ, ಪೆನ್ನು ಕೆಳಗಿಟ್ಟು—