ಉಸಿರಿನ ಪಾಲು

ಆಗಸ್ಟ್ 24, ಅರಿಕಾ

ಬೆಳಿಗ್ಗೆಯಿಂದ ಟ್ಯೂಬಾ ಉಜ್ಜಿದ್ದೇ ಆಯಿತು. ಈ ಕಡಲ ಗಾಳಿಗೆ ಇಷ್ಟು ದೊಡ್ಡ ಹಿತ್ತಾಳೆ ಕಹಳೆ ಕಿಲುಬು ಕಟ್ಟುತ್ತದೆ. ಸಾಂತಾ ರೋಸಾ ಹಬ್ಬಕ್ಕೆ ಅಪ್ಪನ ಊರಿನಿಂದ ಈ ಸಲವೂ ಕರೆ ಬಂದಿದೆ. ಬೆಟ್ಟದ ಮೇಲಿನ ಚೌಕದಲ್ಲಿ ಅವರ ಬ್ಯಾಂಡು, ನಮ್ಮ ಬ್ಯಾಂಡು ಎದುರುಬದುರು ನಿಂತು ಊದಬೇಕು. ಯಾರ ಟ್ಯೂಬಾ ದನಿ ಮೊದಲು ನಿಲ್ಲುತ್ತದೋ ಅವರು ಸೋತ ಹಾಗೆ. ಹೋದ ವರ್ಷ ಮೊದಲು ನಿಂತದ್ದು ನನ್ನ ಟ್ಯೂಬಾ. ನಿಂತದ್ದೇನು — ಬೆಟ್ಟದ ತೆಳು ಗಾಳಿಗೆ ಉಸಿರು ಸಾಲದೆ ನಾನೇ ಧೊಪ್ಪೆಂದು ಬಿದ್ದೆ. ಬಿದ್ದದ್ದಕ್ಕಿಂತ ಅಕ್ಕನ ಗಂಡ ಫಾಕುಂದೊ ನಕ್ಕದ್ದು ಇನ್ನೂ ಉರಿಯುತ್ತದೆ. ಅವರ ಟ್ಯೂಬಾ ಊದುವವನು ಅವನೇ.

ಈ ಸಲ ಬಿದ್ದರೆ ಟ್ಯೂಬಾ ಸಮುದ್ರಕ್ಕೆ. ಖಂಡಿತ.

ಆಗಸ್ಟ್ 26

ಪುತ್ರೆಯ ಸೋದರತ್ತೆಗೆ ಫೋನ್. ಪುತ್ರೆ ಅಂದರೆ ಅಪ್ಪನ ಊರಿನ ದಾರಿಯಲ್ಲಿ ಅರ್ಧ ಬೆಟ್ಟಕ್ಕೆ ಸಿಗುವ ಊರು.

‘ಹೋದ್ಸಲ ಹ್ಯಾಗೆ ಹತ್ತಿದ್ರೇ?’

ಒಂದೇ ಓಟಕ್ಕೆ ಅಂದೆ. ಬಂದರಿನಲ್ಲಿ ಕರಿದ ಮೀನು, ಬಿಯರು ಮುಗಿಸಿ...

‘ಥೂ! ಟೂರಿಸ್ಟುಗಳಿಗೂ ನಿಮಗಿಂತ ಬುದ್ಧಿ ಇದೆ. ನನ್ನ ಮನೇಲಿ ಎರಡು ರಾತ್ರಿ ಮಲಗಿ ಹೋಗಿ. ಬಂದ ದಿನ ಸ್ನಾನ ಬೇಡ, ಓಡಾಟ ಬೇಡ. ಹೊಟ್ಟೆಗೆ ಬರೀ ಸೂಪು. ನೀರು ಗುಟುಕು ಗುಟುಕಾಗಿ. ಬಿಸಿಲಿಗೆ ಟೋಪಿ, ಸಂಜೆಗೆ ಉಣ್ಣೆ. ಯಾರಾದ್ರೂ ತೂರಾಡೋಕೆ ಶುರು ಮಾಡಿದ್ರೆ ಹಬ್ಬ ಗಿಬ್ಬ ನೋಡಬೇಡಿ, ಕೆಳಗಿಳಿಸಿ.’

‘ಸ್ನಾನ ಬೇಡ ಅಂದ್ರಾ? ಅತ್ತೆ ಸಾಕ್ಷಾತ್ ದೇವತೆ ಕಣೇ,’ ಅಂದ ಎಲಿಸೆಯೊ. ನನ್ನ ಗಂಡ. ನಮ್ಮ ಬ್ಯಾಂಡಿನ ಎರಡನೇ ಟ್ಯೂಬಾ. ಮಹಾ ಸೋಮಾರಿ.

ಆಗಸ್ಟ್ 28, ಪುತ್ರೆ

ತಲೆ ಭಾರ. ಅತ್ತೆಯ ಸೊಪ್ಪಿನ ಕಷಾಯ ಕುಡಿದು ಬಿದ್ದುಕೊಂಡೆ. ಎಲಿಸೆಯೊ ಹೇಳಿದ ಮಾತು ಕೇಳದೆ ಲಾಮಾ ಮರಿಯ ಹಿಂದೆ ಓಡಿದ. ವಾಂತಿ ಮಾಡಿಕೊಂಡ. ಈಗ ದೇವತೆಯ ಬೈಗುಳ ತಿನ್ನುತ್ತಿದ್ದಾನೆ.

ಆಗಸ್ಟ್ 29, ಮಧ್ಯಾಹ್ನ

ತಲೆ ಹಗುರ. ಕಾಲು ಗಟ್ಟಿ. ಹುರುಪಿನಿಂದ ಅಂಗಳದಲ್ಲಿ ಟ್ಯೂಬಾ ಎತ್ತಿದೆ... ಮೂರನೇ ಹಾಡಿಗೆ ಕಣ್ಣು ಕತ್ತಲೆ. ಗೋಡೆ ಹಿಡಿದು ಅತ್ತುಬಿಟ್ಟೆ. ಹುಷಾರಾಗಿ ಹತ್ತಿದರೆ ಕಾಯಿಲೆ ಬೀಳುವುದಿಲ್ಲ, ಸರಿ. ಆದರೆ ಬೆಟ್ಟದವರ ಉಸಿರು ಎಲ್ಲಿಂದ ತರಲಿ?

ಅದೇ ಅಂಗಳ, ಸಂಜೆ

ಅತ್ತೆ, ಪಕ್ಕದ ಮನೆಯ ಸತುರ್ನೀನೊ ಅಜ್ಜ ಜೋಡಿ ಕೊಳಲು ಹಿಡಿದು ಕೂತರು. ಸಿಕು. ಒಂದು ಸ್ವರ ಅತ್ತೆಯ ಕೊಳಲಲ್ಲಿ, ಮುಂದಿನದು ಅಜ್ಜನದರಲ್ಲಿ. ಅತ್ತೆಯ ಕೊಳಲು ಇರಾ, ಅದು ಕೇಳುತ್ತದೆ; ಅಜ್ಜನದು ಆರ್ಕಾ, ಅದು ಉತ್ತರ ಕೊಡುತ್ತದೆ. ಒಬ್ಬರು ಊದುವಾಗ ಇನ್ನೊಬ್ಬರಿಗೆ ಉಸಿರಾಡಲು ಬಿಡುವು. ಹಣ್ಣು ಮುದುಕರು, ಇಬ್ಬರಿಗೂ ಏದುಸಿರಿಲ್ಲ! ಹುಟ್ಟಿದಾಗಿನಿಂದ ಕೇಳಿದ್ದೇನೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪ ಹುಡುಕಿದ ಹಾಗಾಯಿತು.

‘ಏಳ್ರೀ,’ ಅಂದೆ ಎಲಿಸೆಯೊಗೆ. ‘ನಾನು ಇರಾ, ನೀವು ಆರ್ಕಾ.’

‘ಅಂದ್ರೆ ಅರ್ಧ ಊದಿದ್ರೆ ಸಾಕಾ?’

ಮದುವೆಯಾದ ಮೇಲೆ ಇಷ್ಟು ಬೇಗ ಎದ್ದದ್ದು ಇದೇ ಮೊದಲು.

ಆಗಸ್ಟ್ 31, ಅಪ್ಪನ ಊರು

ಗೆದ್ದೆವು! ಗೆದ್ದೆವು!

ನಿನ್ನೆ ಬರೆಯಲಾಗಲಿಲ್ಲ, ತುಟಿ ಊದಿ ಬನ್ನಿನಂತಾಗಿತ್ತು, ನಗು ನಿಲ್ಲುತ್ತಿರಲಿಲ್ಲ.

ಚೌಕಕ್ಕೆ ಕಾಲಿಟ್ಟ ಕೂಡಲೇ ಭಾವ — ‘ಏನೇ ನಾದಿನಿ, ಬೀಳೋಕೆ ಈ ಸಲ ಹಾಸಿಗೆ ತಂದಿದೀಯಾ?’

‘ತಂದಿದೀನಿ ಭಾವ, ನಿಮ್ಮ ಅಳತೇದು.’

ನೆಲಕ್ಕೆ ನಾಲ್ಕು ಹನಿ ಸಾರಾಯಿ ಚೆಲ್ಲಿ ಭೂತಾಯಿಗೆ ಕೈಮುಗಿದು ಶುರು ಮಾಡಿದೆವು. ನನ್ನದೊಂದು ಸ್ವರ, ಗಂಡನದೊಂದು. ಹಾಡಿನ ಮೇಲೆ ಹಾಡು. ನೆರಳು ಚೌಕ ದಾಟಿತು. ಭಾವನ ಮುಖ ಕೆಂಪಾಯಿತು, ನೇರಳೆಯಾಯಿತು. ಕೊನೆಗೆ ಅವನ ಟ್ಯೂಬಾ ಕತ್ತೆಯಂತೆ ಅರಚಿ ನಿಂತಿತು. ನಾವು ನಿಲ್ಲಿಸಲಿಲ್ಲ. ಇನ್ನೂ ಒಂದು ಹಾಡು ಊದಿದೆವು, ಬೇಕೆಂದೇ.

‘ಮೋಸ! ಇಬ್ಬರು ಸೇರಿ ಒಬ್ಬನ ಕೆಲಸ!’ ಎಂದ ಭಾವ.

ಗುಂಪಿನಿಂದ, ನಮ್ಮ ಜೊತೆ ಹಬ್ಬಕ್ಕೆ ಹತ್ತಿಬಂದಿದ್ದ ಅತ್ತೆಯ ದನಿ — ‘ನಿಮ್ಮ ತಾತ ಸಿಕು ಒಬ್ಬನೇ ಊದ್ತಿದ್ನೇನೋ?’

ಊರಿಗೆ ಊರೇ ನಕ್ಕಿತು. ಹೋದ ವರ್ಷದ ನಗು ನನ್ನ ಎದೆಯಿಂದ ಇಳಿದುಹೋಯಿತು.

ಸೆಪ್ಟೆಂಬರ್ 1, ಬೆಳಿಗ್ಗೆ

ಇಳಿಯಲು ಬಸ್ಸು ಸಿದ್ಧ. ಎಲಿಸೆಯೊ ಕರಿದ ಮೀನಿನ ಕನಸು ಕಾಣುತ್ತಿದ್ದಾನೆ. ಬಾಗಿಲು ಬಡಿದ ಸದ್ದು. ಭಾವ. ಬಗಲಲ್ಲಿ ಟ್ಯೂಬಾ. ನೆಲ ನೋಡುತ್ತ ನಿಂತಿದ್ದಾನೆ.

‘ನಾದಿನಿ... ಆ ಇರಾ ಆರ್ಕಾ... ನಂಗೂ ಒಂದ್ಸಲ...’

ಕೂತ್ಕೊಳ್ಳಿ ಅಂದೆ. ಬಸ್ಸು ಕಾಯಲಿ. ಎಲ್ಲಿಟ್ಟೆ ನನ್ನ ಟ್ಯೂಬಾ—