ಹಾರ್ಕರ್ ಪಾದ್ರಿ ಹೇಳದೆ ಉಳಿಸಿದ ಸುದ್ದಿ

ಪಿನ್ನರ್, ಲಂಡನ್
೯ ನವೆಂಬರ್ ೨೦೨೪

ಪ್ರೀತಿಯ ಅಂಬುಜಕ್ಕಾ,

ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ನೀನು ಕೇಳುವವಳಲ್ಲ, ಆದರೂ ಬರೆಯುತ್ತೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಇವರು ಇನ್ನೂ ವಾರಕ್ಕೆರಡು ದಿನ ಆಸ್ಪತ್ರೆಗೆ ಕೆಲಸಕ್ಕೆ ಹೋಗುತ್ತಾರೆ. ನಾನು ರಿಟೈರ್ ಆದ ಮೇಲೆ ತೋಟದಲ್ಲಿ ಮೆಂತ್ಯ ಬೆಳೆಸಲು ನೋಡಿ ಸೋತಿದ್ದೇನೆ. ಮಗಳು ಗಾರ್ಗಿ ನಾಳೆ ಊರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲೇ ಈ ಕಾಗದ ಕೊಡುತ್ತಿದ್ದೇನೆ.

ನಮ್ಮ ಪಕ್ಕದ ಮನೆಯ ಹಾರ್ಕರ್ ಪಾದ್ರಿಗಳ ವಿಷಯ ಬರೆಯಬೇಕು. ಎಂಬತ್ತೆಂಟು ವರ್ಷ, ಒಂಟಿ ಮನುಷ್ಯ. ಇಪ್ಪತ್ತೈದರ ಪ್ರಾಯದಲ್ಲಿ ಕೆನಡಾದ ಉತ್ತರ ತುದಿಗೆ, ಇನ್ಯೂಟ್ ಜನರ ನಡುವೆ ಧರ್ಮಪ್ರಚಾರಕ್ಕೆ ಹೋದವರು ಮೂವತ್ತು ವರ್ಷ ಅಲ್ಲೇ ಕಳೆದರು. ನಾಯಿಗಳು ಎಳೆಯುವ ಬಂಡಿಯಲ್ಲಿ ಹಿಮದ ಮೇಲೆ ದಿನಗಟ್ಟಲೆ ಹೋಗಿ ಪೂಜೆ ಮಾಡಿಸಿ ಬರುತ್ತಿದ್ದರಂತೆ. ಪೂಜೆಯ ದ್ರಾಕ್ಷಾರಸ ಹೆಪ್ಪುಗಟ್ಟದಿರಲೆಂದು ಸೀಸೆಯನ್ನು ಅಂಗಿಯೊಳಗೆ ಎದೆಗೊತ್ತಿ ಇಟ್ಟುಕೊಳ್ಳುತ್ತಿದ್ದರಂತೆ. ಮೊದಲ ಚಳಿಗಾಲ ಅವರನ್ನು ಸಾಯದಂತೆ ನೋಡಿಕೊಂಡವಳು ಆ ಊರಿನ ಒಬ್ಬ ತಾಯಿ. ಸೀಲ್ ಎಂಬ ಕಡಲಪ್ರಾಣಿಯ ಮಾಂಸ ತಿನ್ನಲು, ಚರ್ಮದ ಬೂಟು ಒಣಗಿಸಲು, ಅವರ ಭಾಷೆ ಆಡಲು ಕಲಿಸಿದಳು. ನಾನು ಚಹಾ ಕುಡಿಯುತ್ತ ಇದನ್ನೆಲ್ಲ ಕಥೆಯಂತೆ ಕೇಳುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಹಳೆಯ ಪತ್ರವೊಂದನ್ನು ನನ್ನ ಮುಂದಿಟ್ಟು, “ನೀವು ಎದೆಯ ಡಾಕ್ಟರಲ್ಲವೇ, ಓದಿ” ಎಂದರು. ಆ ಕಾಲದಲ್ಲಿ ಬೇಸಿಗೆಗೊಮ್ಮೆ ಆಸ್ಪತ್ರೆಯ ಹಡಗು ಬಂದು ಎಲ್ಲರನ್ನೂ ಹತ್ತಿಸಿಕೊಂಡು ಎಕ್ಸ್‌ರೇ ತೆಗೆಯುತ್ತಿತ್ತು. ಕ್ಷಯ ಕಂಡವರನ್ನು ಮತ್ತೆ ದಡಕ್ಕೂ ಇಳಿಸದೆ ದಕ್ಷಿಣದ ಆಸ್ಪತ್ರೆಗೆ ಒಯ್ಯುತ್ತಿದ್ದರು. ಆ ತಾಯಿಯ ಆರು ವರ್ಷದ ಮಗಳು ಮಾಟಾಳನ್ನೂ ಹಾಗೆ ಒಯ್ದರು. ಭಾಷೆ ಬಲ್ಲ ಪಾದ್ರಿಯೇ ನಡುವೆ ನಿಂತು ಮಾತು ದಾಟಿಸಿದ್ದು. ತಾಯಿ ಕೇಳಿದಳು, ಯಾವಾಗ ಬರುತ್ತಾಳೆ? ಡಾಕ್ಟರು ಏನೂ ಹೇಳಿರಲಿಲ್ಲ. ಪಾದ್ರಿಯೇ, “ಮುಂದಿನ ಬೇಸಿಗೆಗೆ” ಎಂದುಬಿಟ್ಟರು. ಫೆಬ್ರವರಿಯಲ್ಲಿ ಮಗು ತೀರಿಕೊಂಡಿತು. ಸಮಾಧಿಯ ನಂಬರು ಬರೆದ ಈ ಪತ್ರ ಪಾದ್ರಿಯ ಕೈಗೇ ಬಂತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಇದ್ದರು. ಬೇರೆ ಊರಿಗೆ ವರ್ಗವಾಯಿತು. ತಾಯಿ ಹಡಗು ಬಂದಾಗಲೆಲ್ಲ ದಡಕ್ಕೆ ಹೋಗುತ್ತಿದ್ದಳೆಂದು ಆಮೇಲೆ ಯಾರೋ ಹೇಳಿದರು. ಆಗಲೂ ಇವರು ಬರೆಯಲಿಲ್ಲ.

ನನಗೆ ಸಿಟ್ಟು ಬಂತು ಅಕ್ಕಾ. ವಾರವಿಡೀ ಆ ಕಡೆ ಹೋಗಲಿಲ್ಲ. ಆಮೇಲೆ ನಾನೇ ಹೋಗಿ, ಇನ್ನಾದರೂ ಬರೆಯಿರಿ ಎಂದೆ. ಅವರು ಹೇಳಿದಂತೆ ನಾನು ಟೈಪ್ ಮಾಡಿದೆ. ಆ ಊರಿನ ಚರ್ಚಿನವರು ಮಾಟಾಳ ಅಕ್ಕ ಎಲಿಸಪೀಯನ್ನು ಹುಡುಕಿಕೊಟ್ಟರು. ಈಗ ಅವಳಿಗೆ ಎಪ್ಪತ್ಮೂರು.

ಹೋದ ಭಾನುವಾರ ಅವಳ ಫೋನ್ ಬಂತು. ಪಾದ್ರಿ ಕೂತಲ್ಲಿಂದ ಎದ್ದು ನಿಂತೇ ಅವಳ ಭಾಷೆಯಲ್ಲಿ ಮಾತಾಡಿದರು. ನನಗೆ ಒಂದಕ್ಷರ ತಿಳಿಯಲಿಲ್ಲ, ಆಮೇಲೆ ಅವರೇ ಹೇಳಿದರು. ತಾಯಿ ಸಾಯುವವರೆಗೆ ಪ್ರತಿ ವರ್ಷ ಮಾಟಾಳಿಗೆ ಬೂಟು ಹೊಲಿಯುತ್ತಿದ್ದಳಂತೆ, ವರ್ಷಕ್ಕೊಂದು ಅಳತೆ ದೊಡ್ಡದು. ಎಲಿಸಪೀ ಕೇಳಿದ್ದು ಒಂದೇ ಪ್ರಶ್ನೆ: ಆಸ್ಪತ್ರೆಯಲ್ಲಿ ತಂಗಿಯ ಹತ್ತಿರ ನಮ್ಮ ಭಾಷೆ ಆಡುವವರು ಯಾರಾದರೂ ಇದ್ದರೇ? ಪಾದ್ರಿ ಗೊತ್ತಿಲ್ಲ ಎಂದರು. ಅವಳು ಕ್ಷಮಿಸಿದೆ ಎನ್ನಲಿಲ್ಲ. ಸಮಾಧಿಯ ನಂಬರನ್ನು ಎರಡು ಸಲ ಹೇಳಿಸಿ ಬರೆದುಕೊಂಡು ಫೋನ್ ಇಟ್ಟಳು.

ಗಾರ್ಗಿ ಸೂಟ್‌ಕೇಸ್ ಮುಚ್ಚಲು ಕರೆಯುತ್ತಿದ್ದಾಳೆ. ಪಾಂಡುರಂಗ ಭಾವನವರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ಮಾಳವಿಕಾಳ ಕೂಸಿಗೆ ಈ ಚಿಕ್ಕಜ್ಜಿಯ ಮುತ್ತು.

ನಿನ್ನ ತಂಗಿ,
ನೀರಜಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಂದೆ. ಹಬ್ಬಕ್ಕೆ ಮೊದಲು ನೀನು ಭಾವನವರ ಎದೆಯ ಸ್ಕ್ಯಾನ್ ಕಳಿಸಿ, “ಏನಿದ್ರೂ ಸ್ವಚ್ಛ ಹೇಳ್ ನೀರೂ” ಅಂದಿದ್ದೆ. ನಾನು “ಏನೂ ಇಲ್ಲ ತಗೋ” ಅಂದೆ. ಅದು ಸುಳ್ಳು. ಬಲಗಡೆಯ ಶ್ವಾಸಕೋಶದಲ್ಲಿ ಗಂಟಿದೆ, ಕ್ಯಾನ್ಸರ್ ಇರಬಹುದು. ಹಬ್ಬ ಮುಗಿಯಲಿ ಎಂದು ಮೂರು ವಾರ ಸುಮ್ಮನಿದ್ದದ್ದು ನನ್ನ ತಪ್ಪು. ಗುರುವಾರ ಹುಬ್ಬಳ್ಳಿಯಲ್ಲಿ ನನ್ನ ಕ್ಲಾಸ್‌ಮೇಟ್ ಡಾಕ್ಟರು ಕಾಯುತ್ತಾರೆ, ಗಾರ್ಗಿ ಜೊತೆಗೆ ಬರುತ್ತಾಳೆ. ಶನಿವಾರ ನಾನೂ ಬಂದು ಮುಟ್ಟುತ್ತೇನೆ. ಬೈಯುವುದಿದ್ದರೆ ಎದುರಿಗೇ ಬೈಯಿ.