ರುಕ್ಸಾರ ಜೀಪು ಹತ್ತಿದಳು

ಉಟಗಿ
೧೨ ನವೆಂಬರ್ ೨೦೨೪, ಮಂಗಳವಾರ

ರುಕ್ಸಾರ ಇವತ್ತು ಹೋದಳು. ಕರೆಯಲು ಬಂದ ಅವಳ ಅಣ್ಣ ಎಳೆದೊಯ್ದಿದ್ದರೆ ಅವನನ್ನಾದರೂ ಬೈಯಬಹುದಿತ್ತು. ತಾನೇ ನಗುತ್ತ ಜೀಪು ಹತ್ತಿದಳು.

ನಾವು ಐವರೂ ಈ ಹಳೆಯ ವಾಡೆಯಲ್ಲಿ ಒಟ್ಟಿಗೆ ಇದ್ದು, ಒಂದೇ ಒಲೆಯಲ್ಲಿ ಬೇಯಿಸಿ ಉಂಡು, ಚಿತ್ರ ಬರೆದು, ಕಂಬಳಿ ನೇಯ್ದು, ಮುಚ್ಚಿಹೋದ ಪೇಟೆಗೆ ಜೀವ ತರುತ್ತೇವೆಂದು ಬಂದವರು. ಇಬ್ಬರು ಮೊದಲೇ ಹೋಗಿದ್ದರು; ಈಗ ಉಳಿದದ್ದು ನಾನು ಮತ್ತು ಕಲ್ಮೇಶ.

"ಸಿಟ್ಟಾಗಬ್ಯಾಡ ವಿದ್ಯಾ," ಎಂದಳು ರುಕ್ಸಾರ, ಹೊರಡುವಾಗ. "ಗ್ವಾಡಿಗೆಲ್ಲ ಬಣ್ಣ ಹಚ್ಚಿದ್ವಿ, ಒಂದರೆ ಅಂಗಡಿ ಬಾಗಲಾ ತೆರೀತೇನು? ನನಗ ಸಾಕಾಗೇತಿ."

 

ಸಂಜೆ ಪಕ್ಕದ ಮನೆಯ ಮಲಕವ್ವ ಬಿಸಿ ರೊಟ್ಟಿ, ಪಲ್ಯ ತಂದುಕೊಟ್ಟರು. "ನೀವಿಬ್ರು ಯಾವಾಗ ಹೊಂಟ್ರಿ, ತಂಗಿ? ಹೋಗೂ ಮುಂದ ಹೇಳ್ರಿ. ಇಲ್ಲಿ ನಮ್ಮ ಕುರಿ ಕಟ್ಟಬೇಕಂತ ಮಾಡೀವಿ."

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಪಲ್ಯ ಸಾಲದಿದ್ದರೆ ಬಂದು ಒಯ್ಯಿರಿ ಎಂದೂ ಹೇಳಿದರು.

"ನಾವು ಹೋಗೂದಿಲ್ಲ" ಎನ್ನಬೇಕಿತ್ತು. "ಹೇಳ್ತೀನ್ರಿ, ಆಯಿ" ಎಂದುಬಿಟ್ಟೆ.

ಕಲ್ಮೇಶ ನನ್ನ ಮುಖ ನೋಡಿದ. ಎದ್ದುಹೋಗಿ ರುಕ್ಸಾರಳ ಮಗ್ಗ ಬಿಚ್ಚತೊಡಗಿದ. ಬೇಡವೆಂದು ತಡೆಯಲೆಂದೇ ನಾನೂ ಎದ್ದೆ. ಅವನೊಬ್ಬನಿಂದ ಮಗ್ಗದ ಮರದ ತೊಲೆ ಎತ್ತಲಾಗುತ್ತಿರಲಿಲ್ಲ. ಇನ್ನೊಂದು ತುದಿ ಹಿಡಿದುಕೊಂಡೆ.